ಸಮುದ್ರದ ದಾರಿಯಲ್ಲಿ ಸೈಕಲ್ಲು – ಲೆಕ್ಕ ಯಾರ ಕಾಲಿನದು?

ನಮ್ಮ ಕಡಯಂಪಟ್ಟಿಯವರಿಗೆ ಸಮುದ್ರ ನೋಡಬೇಕೆಂದರೆ ಎರಡು ದಾರಿ. ಪೂರ್ವಕ್ಕೆ ಹೋದರೆ ಕಡಲೂರು, ಪುದುಚೇರಿ. ಪಶ್ಚಿಮಕ್ಕೆ ಹೋದರೆ ಸೇಲಂನಿಂದ ಒಂದು ರಾತ್ರಿಯ ರೈಲು, ಮಂಗಳೂರು. ಹತ್ತಿರದ್ದು ಪೂರ್ವದ್ದೇ. ಆದರೆ ನನ್ನಾಕೆ ಕೇಳುತ್ತಿರುವುದು ಪಶ್ಚಿಮದ ಸಮುದ್ರವನ್ನು. ಅದೂ ಸೈಕಲ್ ಮೇಲೆ!

ಕೆಲವು ವರ್ಷಗಳ ಹಿಂದೆ ಕೊಲ್ಲೂರು, ಮುರುಡೇಶ್ವರ ಮುಗಿಸಿಕೊಂಡು ಬಸ್ಸಿನಲ್ಲಿ ಕುಂದಾಪುರದ ಕಡೆ ಬರುತ್ತಿದ್ದೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ. ಇವಳು ಕಿಟಕಿ ಪಕ್ಕ ಕೂತಿದ್ದಳು. "ರೀ, ನೋಡ್ರಿ" ಎಂದು ನನ್ನನ್ನು ಎಬ್ಬಿಸಿ ನಾನು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಸಮುದ್ರ ಮುಗಿದು ತೆಂಗಿನತೋಟ ಬಂದಿತ್ತು. ಆಮೇಲೆ ನಲವತ್ತರ ಹತ್ತಿರ ಬಂದಾಗ ಇವಳು ಸೈಕಲ್ ಕಲಿತಳು. ಮಗಳಿಗೆ ಹನ್ನೊಂದನೇ ತರಗತಿಯಲ್ಲಿ ಸರ್ಕಾರದವರು ಉಚಿತವಾಗಿ ಕೊಟ್ಟ ಸೈಕಲ್ಲೇ ಇವಳಿಗೆ ಪಾಠಶಾಲೆ. ಬಿದ್ದು ಎದ್ದು ಕಲಿತ ಮೇಲೆ ಒಂದು ದಿನ ಹೇಳಿದಳು: "ಆ ಎರಡೂ ಕಡೆ ನೀರಿರೋ ರಸ್ತೆಯಲ್ಲಿ ನಾನೇ ತುಳ್ಕೊಂಡು ಹೋಗಬೇಕು."

ಆಗಲಿ ಎಂದೆ. ಅಲ್ಲಿಂದಲೇ ನನ್ನ ತಪ್ಪು ಶುರುವಾಯಿತು.

ನಾನು ಇಪ್ಪತ್ತು ವರ್ಷದಿಂದ ಸೈಕಲ್ ತುಳಿಯುವವನು. ಅದರ ಅಹಂಕಾರ ಸ್ವಲ್ಪ ಇತ್ತು. ಅಭ್ಯಾಸಕ್ಕೆಂದು ಒಂದು ಭಾನುವಾರ ಓಮಲೂರು, ಮೇಚ್ಚೇರಿ ಮೇಲಾಗಿ ಮೇಟ್ಟೂರು ಅಣೆಕಟ್ಟೆಗೆ ಹೊರಡಿಸಿದೆ. ಹೋಗಿ ಬಂದರೆ ತೊಂಬತ್ತು ಕಿಲೋಮೀಟರಿನ ಹತ್ತಿರ. ಇವಳು ಅಲ್ಲಿಯವರೆಗೆ ಒಂದೇ ದಿನದಲ್ಲಿ ತುಳಿದಿದ್ದದ್ದು ಹೆಚ್ಚೆಂದರೆ ಹದಿನೆಂಟು! ನಾನು ಮುಂದೆ ಹೋಗುವುದು, ಮರದಡಿ ನಿಂತು ಕಾಯುವುದು, ಇವಳು ಬಂದು ಮುಟ್ಟಿದ ಕೂಡಲೇ ಮತ್ತೆ ಹೊರಡುವುದು. ನನಗೆ ವಿಶ್ರಾಂತಿ ಆಗುತ್ತಿತ್ತು, ಇವಳಿಗೆ ಆಗುತ್ತಿರಲಿಲ್ಲ. ಈ ಸಣ್ಣ ಲೆಕ್ಕ ಮೇಷ್ಟರಾದ ನನಗೆ ತಲೆಗೆ ಹೋಗಲಿಲ್ಲ. ಮೇಚ್ಚೇರಿ ದಾಟಿದ ಮೇಲೆ ಹಿಂದಿನಿಂದ ಬಂದ ಲಾರಿಯ ಹಾರನ್ನಿಗೆ ಬೆದರಿ ಡಾಂಬರಿನಿಂದ ಕೆಳಗಿಳಿದಳು. ಅಲ್ಲಿ ಮಣ್ಣು ಒಂದು ಗೇಣು ತಗ್ಗು. ಬಿದ್ದಳು. ಮೊಣಕೈ, ಮಂಡಿ ತರಚಿತು. ನಾನು ಅರ್ಧ ಕಿಲೋಮೀಟರ್ ಮುಂದೆ ಇದ್ದೆ. ಎತ್ತಿದವರು ಮರಗೆಣಸಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು. ಸೈಕಲ್ಲನ್ನು ಟೀ ಅಂಗಡಿಯಲ್ಲಿ ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದೆವು.

ಗಾಯ ಹತ್ತು ದಿನದಲ್ಲಿ ಮಾಯಿತು. ಆದರೆ ಆರು ತಿಂಗಳು ಇವಳು ಸೈಕಲ್ ಮುಟ್ಟಲಿಲ್ಲ. ಕಾರಣ ಕೇಳಿದಾಗ ಹೇಳಿದ್ದು ಇಷ್ಟೇ: "ನೀವು ನನ್ನನ್ನ ಕರ್ಕೊಂಡು ಹೋಗಲಿಲ್ಲ. ನಾನು ನಿಮ್ಮ ಹಿಂದೆ ಓಡಿ ಬಂದೆ."

ಈಗ ಮತ್ತೆ ಯೋಜನೆ ಹಾಕುತ್ತಿದ್ದೇವೆ. ಈ ಸಲ ಒಂದೇ ಸೂತ್ರ. ಹೊಸಬರ ಜೊತೆ ಹೋಗುವ ಪ್ರಯಾಣದ ಪ್ರತಿ ಲೆಕ್ಕವನ್ನೂ, ದೂರ, ಹೊತ್ತು, ದಾರಿ, ನಿಲುಗಡೆ ಎಲ್ಲವನ್ನೂ, ಹೊಸಬರ ಕಾಲಿನಿಂದಲೇ ಅಳೆಯಬೇಕು. ಹಳಬರ ಕಾಲಿನಿಂದ ಅಳೆದು ಆಮೇಲೆ "ಅವರಿಗೋಸ್ಕರ ಸ್ವಲ್ಪ ಕಮ್ಮಿ ಮಾಡಿದೆ" ಎನ್ನುವುದು ಬೇರೆ, ಮೊದಲಿನಿಂದಲೇ ಅವರ ಕಾಲಿಗೆ ಹೊಲಿಯುವುದು ಬೇರೆ. ಅಪ್ಪನ ಅಂಗಿಯನ್ನು ಮಗನಿಗೆ ಮಡಚಿ ತೊಡಿಸಿದಂತೆ ಆಗಬಾರದು.

ಇದಕ್ಕೆ ನನ್ನ ಸಹೋದ್ಯೋಗಿ ಒಬ್ಬರು ನಕ್ಕರು. "ನೀರಿಗೆ ತಳ್ಳದೆ ಈಜು ಬರುತ್ತಾ ಸಾರ್? ಕಷ್ಟ ಕೊಟ್ಟರೆ ತಾನೇ ಕಲಿಯೋದು" ಎಂದರು. ನಾನೂ ಒಂದು ಕಾಲದಲ್ಲಿ ತರಗತಿಯಲ್ಲಿ ಹಾಗೇ ಅಂದುಕೊಂಡಿದ್ದವನು. ಮುಂದಿನ ಬೆಂಚಿನ ನಾಲ್ಕು ಮಕ್ಕಳು ತಲೆಯಾಡಿಸಿದರೆ ಪಾಠ ಆಯಿತು ಎಂದು ಮುಂದಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನವರು ಕಷ್ಟಪಟ್ಟು ಕಲಿಯಲಿಲ್ಲ, ಸುಮ್ಮನೆ ಶಾಲೆ ಬಿಟ್ಟರು. ನೀರಿಗೆ ತಳ್ಳಿದವರಲ್ಲಿ ಈಜಿದವರು ಬಂದು ಕತೆ ಹೇಳುತ್ತಾರೆ. ಮತ್ತೆ ನೀರಿನ ಹತ್ತಿರವೇ ಸುಳಿಯದವರ ಕತೆ ಯಾರು ಹೇಳುತ್ತಾರೆ?

ನಮ್ಮ ರಾಜ್ಯದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ಪುದುಕ್ಕೋಟೈ ಜಿಲ್ಲೆಯಲ್ಲಿ ಅರಿವೊಳಿ ಇಯಕ್ಕಂ ಎಂಬ ಸಾಕ್ಷರತಾ ಆಂದೋಲನ ನಡೆಯಿತು. ಆಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅವರು ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸುವುದನ್ನೂ ಸೇರಿಸಿದರು. ಹತ್ತಾರು ಸಾವಿರ ಹಳ್ಳಿ ಹೆಂಗಸರು ಸೈಕಲ್ ಹತ್ತಿದರು. ಕೂಲಿಯವರು, ಕಲ್ಲು ಗಣಿಯಲ್ಲಿ ದುಡಿಯುವವರು, ಅಂಗನವಾಡಿಯವರು. ಪತ್ರಕರ್ತ ಪಿ. ಸಾಯಿನಾಥ್ ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅಲ್ಲಿ ಕಲಿತವಳೇ ಇನ್ನೊಬ್ಬಳಿಗೆ ಕಲಿಸಿದಳು. ನೆನ್ನೆ ತಾನೇ ಬಿದ್ದು ಎದ್ದವಳಿಗೆ, ಇವತ್ತು ಬೀಳುವವಳ ಭಯ ಗೊತ್ತಿರುತ್ತದೆ. ಇಪ್ಪತ್ತು ವರ್ಷ ತುಳಿದ ನನ್ನಂಥವನಿಗೆ ಅದು ಮರೆತೇಹೋಗಿರುತ್ತದೆ. ಹಾಗಾಗಿ ಹಳಬನ ಮೊದಲ ಕೆಲಸ ತನ್ನ ಭಯವನ್ನು ನೆನಪು ಮಾಡಿಕೊಳ್ಳುವುದು.

ಇನ್ನು ಯೋಜನೆಗೆ ಬರೋಣ. ಮೊದಲ ಪ್ರಶ್ನೆ, ಯಾವ ಸಮುದ್ರ? ಚೆನ್ನೈನಿಂದ ಪುದುಚೇರಿಗೆ ಹೋಗುವ ಪೂರ್ವ ಕರಾವಳಿ ರಸ್ತೆಯ ಹೆಸರು ದೊಡ್ಡದು. ಆದರೆ ಹೆಚ್ಚಿನ ಕಡೆ ಅಲ್ಲಿ ಸಮುದ್ರ ಕಾಣುವುದಿಲ್ಲ, ಸರ್ವೆ ತೋಪು, ಕಾಂಪೌಂಡು ಗೋಡೆ ಕಾಣುತ್ತವೆ. ಕಾರುಗಳ ವೇಗವೂ ಹೆಚ್ಚು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ, ಚಂಡಮಾರುತದ ಕಾಟ. ಪಶ್ಚಿಮದ ಕಡೆ ಆ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ.

ಇನ್ನೊಂದು ಕಾರಣ ಭಾಷೆ. ಇದನ್ನು ಅಭಿಮಾನಕ್ಕೆ ಹೇಳುತ್ತಿಲ್ಲ, ಸುರಕ್ಷತೆಗೆ ಹೇಳುತ್ತಿದ್ದೇನೆ. ನಮಗೆ ತಮಿಳು ಬರುತ್ತದೆ, ಅದೇನು ಕಷ್ಟವಿಲ್ಲ. ಆದರೂ ದಾರಿ ತಪ್ಪಿದಾಗ, ಸುಸ್ತಾದಾಗ, ಮನೆಯಲ್ಲಿ ಆಡುವ ಮಾತಿನಲ್ಲಿ ಒಂದು ಲೋಟ ನೀರು ಕೇಳುವ ಧೈರ್ಯವೇ ಬೇರೆ. ಉಡುಪಿ ಕಡೆ ಬೀದಿಯ ಮಾತು ತುಳು, ಬ್ರಹ್ಮಾವರ ದಾಟಿ ಉತ್ತರಕ್ಕೆ ಹೋದಂತೆ ಕುಂದಗನ್ನಡ. ನಮ್ಮ ತಮಿಳು ಬೆರೆತ ಕನ್ನಡವನ್ನು ಕೇಳಿ ಅವರೂ, ಅವರದ್ದನ್ನು ಕೇಳಿ ನಾವೂ ನಗಬಹುದು, ನಗಲಿ ಬಿಡಿ. 1956ರ ರಾಜ್ಯ ವಿಂಗಡಣೆಯ ತನಕ ನಮ್ಮ ಸೇಲಂ ಜಿಲ್ಲೆಯೂ ಆ ದಕ್ಷಿಣ ಕನ್ನಡವೂ ಒಂದೇ ಮದ್ರಾಸು ರಾಜ್ಯದಲ್ಲಿದ್ದವು ಎಂಬುದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ?

ಎರಡನೆಯದು ಕಾಲ. ಬಾರಾಮಹಲಿನಲ್ಲಿ, ಅಂದರೆ ನಮ್ಮ ಧರ್ಮಪುರಿ ಸೀಮೆಯಲ್ಲಿ, 1792ರಿಂದ ಏಳು ವರ್ಷ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋ 1799ರಲ್ಲಿ ಕೆನರಾ ಕಲೆಕ್ಟರನಾಗಿ ಕರಾವಳಿಗೆ ಹೋದ. ಅಲ್ಲಿನ ಮಳೆಗೆ ಬೇಸತ್ತು ಬಾರಾಮಹಲನ್ನು ನೆನೆದು ಪತ್ರ ಬರೆದವನು ಆತ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆ ಸೈಕಲ್ ಮಾತೇ ಬೇಡ. ಏಪ್ರಿಲ್, ಮೇ ರಜೆ ನಮಗೆ ಅನುಕೂಲ, ಆದರೆ ಸೆಕೆ ವಿಪರೀತ. ನಮ್ಮ ಊರಿನ ಬಿಸಿಲು ಒಣ ಬಿಸಿಲು, ಬೆವರು ಆರುತ್ತದೆ. ಕರಾವಳಿಯಲ್ಲಿ ಬೆವರು ಮೈಮೇಲೇ ನಿಲ್ಲುತ್ತದೆ, ಮೈ ತಣ್ಣಗಾಗುವುದಿಲ್ಲ. ಹೊಸಬರು ತಲೆ ಸುತ್ತಿ ಕೂರುವುದು ಅದಕ್ಕೇ. ಹಾಗಾಗಿ ಡಿಸೆಂಬರ್ ಕೊನೆಯ ಅರ್ಧ ವಾರ್ಷಿಕ ರಜೆಯನ್ನು ಆರಿಸಿಕೊಂಡಿದ್ದೇವೆ. ಒಂದೇ ತೊಂದರೆ, ಆ ವಾರ ಮಲ್ಪೆಯಲ್ಲಿ ಜನಸಾಗರ. ಅದಕ್ಕೆ ಮಲ್ಪೆಯಲ್ಲಿ ಉಳಿಯುವುದಿಲ್ಲ, ಬೆಳಿಗ್ಗೆ ದಾಟಿಹೋಗುತ್ತೇವೆ.

ಮೂರನೆಯದು, ಹೋಗುವ ಬಗೆ. ಮಂಗಳೂರಿನ ರೈಲಿಗೆ ಈಗ ಅರವತ್ತು ದಿನ ಮುಂಚೆ ಮಾತ್ರ ಟಿಕೆಟ್ ಕಾಯ್ದಿರಿಸಬಹುದು. 2024ರ ನವೆಂಬರಿನಿಂದ ಈ ನಿಯಮ, ಮೊದಲಿದ್ದ ನೂರಿಪ್ಪತ್ತು ದಿನ ಹೋಯಿತು. ರಜೆಯ ವಾರವಾದ್ದರಿಂದ ಮೊದಲ ದಿನವೇ ಮಾಡಿಸಬೇಕು. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬೇಕು. ಸೇಲಂನಂಥ ನಡುವಿನ ನಿಲ್ದಾಣದಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ, ನಾವು ಹತ್ತಿದ ರೈಲಿಗೇ ಸೈಕಲ್ಲೂ ಹತ್ತುತ್ತದೆ ಎನ್ನುವ ಖಾತರಿ ಇಲ್ಲ. ಎರಡು ಮೂರು ದಿನ ಮುಂಚೆಯೇ ಕಳಿಸುವುದು ಜಾಣತನ. ಬಿಡಿಸಿಕೊಳ್ಳುವುದು ತೀರಾ ತಡವಾದರೆ ದಂಡ ಬೀಳುತ್ತದೆ, ಅದನ್ನೂ ನೋಡಿಕೊಳ್ಳಬೇಕು. "ಅಲ್ಲೇ ಬಾಡಿಗೆ ಸೈಕಲ್ ತಗೊಳ್ಳಿ" ಎಂದರು ಕೆಲವರು. ಬೇಡ. ಹೊಸಬರಿಗೆ ತಮ್ಮ ಸೀಟು, ತಮ್ಮ ಬ್ರೇಕು ಅರ್ಧ ಧೈರ್ಯ.

ನಾಲ್ಕನೆಯದು ಮುಖ್ಯ. ರೈಲು ಇಳಿಸಿದ ಜಾಗದಿಂದಲೇ ಸೈಕಲ್ ಹತ್ತಬಾರದು. ನನ್ನಂಥವರಿಗೆ ನಿಲ್ದಾಣದ ಬಾಗಿಲಿನಿಂದಲೇ ಹೊರಟರೆ ಒಂದು ಹೆಮ್ಮೆ. ಆದರೆ ಮಂಗಳೂರಿನಿಂದ ಕೂಳೂರು, ಪಣಂಬೂರು, ಸುರತ್ಕಲ್ ದಾರಿಯಲ್ಲಿ ಬಂದರಿನ ಲಾರಿ, ಟ್ಯಾಂಕರುಗಳದೇ ರಾಜ್ಯ. ನಮ್ಮ ತೊಪ್ಪೂರು ಘಾಟಿಯ ಲಾರಿ ಸಾಲು ನೋಡಿದವರಿಗೆ ಬೇರೆ ವಿವರಿಸಬೇಕಿಲ್ಲ. ಮೊದಲ ಒಂದು ಗಂಟೆಯಲ್ಲಿ ಹೆದರಿದ ಜೀವ ನಾಲ್ಕು ದಿನವೂ ಹೆದರಿಕೊಂಡೇ ಇರುತ್ತದೆ. ಆದ್ದರಿಂದ ಒಂದು ಸಣ್ಣ ಟೆಂಪೊ ಮಾಡಿಕೊಂಡು ಕಾಪುವರೆಗೆ ಹೋಗುವುದು. ಆ ದಿನ ಸೈಕಲ್ ಇಲ್ಲ. ಸಂಜೆ ಸಮುದ್ರ ನೋಡುವುದು, ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭ ನೋಡುವುದು, ಮಲಗುವುದು.

ಮೊದಲ ದಿನ ಕಾಪುವಿನಿಂದ ಮಟ್ಟು, ಪಡುಕೆರೆ ಮೇಲಾಗಿ ಮಲ್ಪೆ. ಹೆದ್ದಾರಿ ಬಿಟ್ಟು ತೀರದ ಹಳ್ಳಿ ರಸ್ತೆ. ಸುಮಾರು ಹದಿನೈದು ಕಿಲೋಮೀಟರ್ ಇದ್ದೀತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮನೆಗಳ ಅಂಗಳ. ಮರವಂತೆಯ ಚೆಲುವು ಇಲ್ಲಿ ಲಾರಿಯಿಲ್ಲದೆ ಸಿಗುತ್ತದೆ. ಮಟ್ಟು ಎಂದರೆ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳದ ಊರು. ಮಲ್ಪೆಯಿಂದ ಉಡುಪಿ ಐದಾರು ಕಿಲೋಮೀಟರ್, ರಾತ್ರಿ ಅಲ್ಲಿ.

ಎರಡನೆಯ ದಿನ ಮಲ್ಪೆಯಿಂದ ಉತ್ತರಕ್ಕೆ ಕೋಡಿಬೇಂಗ್ರೆ. ಸ್ವರ್ಣಾ, ಸೀತಾ ನದಿಗಳು ಕಡಲಿಗೆ ಸೇರುವ ಜಾಗ. ಅಲ್ಲಿಂದ ಹೊಳೆ ದಾಟಿದರೆ ಹಂಗಾರಕಟ್ಟೆ. ದಾಟಿಸುವ ಬಾರ್ಜು ಆ ದಿನ ಓಡುತ್ತದೆಯೇ, ಸೈಕಲ್ ಹತ್ತಿಸುತ್ತಾರೆಯೇ ಎಂದು ಹಿಂದಿನ ದಿನವೇ ವಿಚಾರಿಸಬೇಕು. ಇಲ್ಲವಾದರೆ ಕೆಮ್ಮಣ್ಣು ಮೇಲಾಗಿ ಹಿಂದಕ್ಕೆ ಬಂದು ಸಂತೆಕಟ್ಟೆಯಲ್ಲಿ ಹೆದ್ದಾರಿ ಸೇರುವುದು, ಅಲ್ಲಿಂದ ಟೆಂಪೊ. ಹೊಳೆ ದಾಟಿದರೆ ಸಾಸ್ತಾನ, ಸಾಲಿಗ್ರಾಮ, ಕೋಟ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ ಅವರ ಹೆಸರಿನ ಥೀಮ್ ಪಾರ್ಕ್ ಇದೆ. 'ಮರಳಿ ಮಣ್ಣಿಗೆ' ಕಾದಂಬರಿಯ ಬದುಕು ನಡೆಯುವುದು ಈ ಕಡಲ ದಂಡೆಯ ಮರಳಿನಲ್ಲೇ. ಪುಸ್ತಕದಲ್ಲಿ ಓದಿದ ಮರಳನ್ನು ಚಕ್ರಕ್ಕೆ ಅಂಟಿಸಿಕೊಳ್ಳುವ ಭಾಗ್ಯ ಗಡಿಯಾಚೆಯ ನಮಗೆ ಎಷ್ಟು ಸಲ ಸಿಗುತ್ತದೆ? ಆ ರಾತ್ರಿ ಕೋಟದ ಆಸುಪಾಸು, ಮೂರನೆಯ ದಿನ ಕುಂದಾಪುರ.

ಇದನ್ನೆಲ್ಲ ಕೂಡಿದರೆ ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ದಾಟುವುದಿಲ್ಲ. ನಾನಾದರೆ ಇಡೀ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆ. ಮುಗಿಸಿ ಏನು ಮಾಡುತ್ತೇನೆ ಎಂಬುದು ಬೇರೆ ಮಾತು! ತುಳಿಯುವುದು ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಬೀಸುತ್ತದೆ, ವಾಯವ್ಯದಿಂದ. ಉತ್ತರಕ್ಕೆ ಹೋಗುವವರಿಗೆ ಅದು ಎದುರುಗಾಳಿ. ಎದುರುಗಾಳಿ ಎಂದರೆ ಕಣ್ಣಿಗೆ ಕಾಣದ ದಿಬ್ಬ. ದಿಬ್ಬ ಕಂಡರೆ ಇಳಿದು ತಳ್ಳುತ್ತೇವೆ, ಗಾಳಿಯಲ್ಲಿ ಹೊಸಬರು "ನನ್ನ ಕೈಲಿ ಆಗಲ್ಲ" ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಇನ್ನು ಸೈಕಲ್ ಮತ್ತು ಮೈ. ಹೊಸಬರಿಗೆ ಎರಡೂ ಕಾಲು ನೆಲಕ್ಕೆ ಎಟುಕಬೇಕು ಎಂಬ ಆಸೆ, ಅದಕ್ಕೆ ಸೀಟು ತಗ್ಗಿಸುತ್ತಾರೆ. ಮೈದಾನದಲ್ಲಿ ಕಲಿಯುವಾಗ ಅದು ಸರಿ. ದೂರ ಹೋಗುವಾಗ ಮಂಡಿ ನೋವು ಗ್ಯಾರಂಟಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರಬೇಕು. ಒಂದೇ ದಿನ ಎತ್ತರಿಸಿದರೆ ಹೆದರುತ್ತಾರೆ, ವಾರಕ್ಕೆ ಅರ್ಧ ಇಂಚು ಏರಿಸಿದೆವು. ಹ್ಯಾಂಡಲ್ ಅಲುಗದಂತೆ ಹಿಂದಕ್ಕೆ ತಿರುಗಿ ನೋಡುವುದು, ಒಂದು ಕೈ ಬಿಟ್ಟು ಸನ್ನೆ ಮಾಡುವುದು, ಎರಡೂ ಬ್ರೇಕನ್ನು ಒಟ್ಟಿಗೆ ಮೆಲ್ಲಗೆ ಹಿಡಿಯುವುದು, ಇವು ಮೂರು ಬಾರದೆ ಊರು ಬಿಡಬಾರದು. ತೀರದ ರಸ್ತೆಯಲ್ಲಿ ಗಾಳಿ ತಂದು ಹಾಕಿದ ಮರಳು ಇರುತ್ತದೆ. ಅದರ ಮೇಲೆ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ. ದಿನಾ ಸಂಜೆ ಚೈನನ್ನು ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಎಣ್ಣೆ ಬಿಡಬೇಕು. ಉಪ್ಪಿನ ಗಾಳಿಗೆ ತುಕ್ಕು ಬೇಗ.

ದೂರದ ಪರೀಕ್ಷೆಗಿಂತ ಮುಖ್ಯವಾದದ್ದು ಮರುದಿನದ ಪರೀಕ್ಷೆ. ಒಂದು ದಿನ ಮೂವತ್ತು ಕಿಲೋಮೀಟರ್ ಯಾರು ಬೇಕಾದರೂ ಹಟದಿಂದ ತುಳಿಯುತ್ತಾರೆ. ಮಾರನೇ ಬೆಳಿಗ್ಗೆ ಅದೇ ಸೀಟಿನ ಮೇಲೆ ಕೂರಲು ಆಗುತ್ತದೆಯೇ? ಅದಕ್ಕೆ ಶನಿವಾರ, ಭಾನುವಾರ ಸೇರಿಸಿ ಅಭ್ಯಾಸ ಮಾಡುತ್ತಿದ್ದೇವೆ. ವೇಗಕ್ಕೆ ಮೀಟರ್ ಬೇಡ. ತುಳಿಯುತ್ತ ಮಾತಾಡಲು ಆದರೆ ವೇಗ ಸರಿ. ಮಾತು ನಿಂತರೆ ನಿಧಾನಿಸಬೇಕು.

ಮರವಂತೆಯ ಮಾತು ಉಳಿಯಿತು. ಇದೇ ನನಗೆ ಬಿಡಿಸಲಾಗದ ಗಂಟು. ಯಾವ ಜಾಗಕ್ಕೆಂದು ಇವಳು ಸೈಕಲ್ ಕಲಿತಳೋ ಅಲ್ಲಿ ಹೆದ್ದಾರಿ 66 ಬಿಟ್ಟು ಬೇರೆ ಒಳದಾರಿ ಇಲ್ಲ. ಈಗ ನಾಲ್ಕು ಪಥ, ಬಸ್ಸು ಲಾರಿಗಳ ವೇಗ ಹೇಳತೀರದು. "ಅಲ್ಲಿ ನಡೆದೇ ನೋಡೋಣ, ಸೈಕಲ್ ಯಾಕೆ?" ಎಂದೆ. ಇವಳು ಮಾತಾಡಲಿಲ್ಲ, ನನ್ನ ಮುಖ ನೋಡಿದಳು. ಪಡುಕೆರೆಯಲ್ಲೂ ಎರಡು ಕಡೆ ನೀರಿದೆ ಎಂದು ಸಮಾಧಾನ ಹೇಳುವ ಹಕ್ಕು ನನಗಿಲ್ಲ ಅನ್ನಿಸಿತು. ಆಸೆ ಅವಳದ್ದು. ಕೊನೆಗೆ ಇಬ್ಬರೂ ಒಪ್ಪಿದ್ದು ಹೀಗೆ: ಕುಂದಾಪುರದಿಂದ ತ್ರಾಸಿಯವರೆಗೆ ಸೈಕಲ್ಲುಗಳು ಟೆಂಪೊದಲ್ಲಿ. ಅಲ್ಲಿಂದ ಬೆಳಕು ಹರಿದ ಕೂಡಲೇ ರಸ್ತೆಯ ಅಂಚಿನಲ್ಲಿ ಉತ್ತರಕ್ಕೆ, ಒಂದೇ ದಿಕ್ಕಿಗೆ, ಎದುರು ಪಥ ದಾಟದೆ ಆ ಕೆಲವು ಕಿಲೋಮೀಟರ್. ಹೊಳೆಯುವ ಬಣ್ಣದ ಮೇಲಂಗಿ, ಇಬ್ಬರಿಗೂ ಹೆಲ್ಮೆಟ್. ಅಂದು ಬೆಳಿಗ್ಗೆ ರಸ್ತೆ ನೋಡಿ ಇವಳಿಗೆ ಬೇಡ ಅನ್ನಿಸಿದರೆ ಬೇಡ. ನೀರಿಗಿಳಿಯುವುದಂತೂ ಇಲ್ಲವೇ ಇಲ್ಲ, ಮರವಂತೆಯ ಕಡಲು ಅಪಾಯದ ಕಡಲು.

ಆ "ಬೇಡ" ಎನ್ನುವ ಹಕ್ಕೇ ನಮ್ಮ ಯೋಜನೆಯ ಕೇಂದ್ರ. ಇಡೀ ದಾರಿಯಲ್ಲಿ ಎಲ್ಲಿ ಬೇಕಾದರೂ, ಕಾರಣ ಹೇಳದೆ, ಇವಳು ಸಾಕು ಎನ್ನಬಹುದು. ಈ ಕರಾವಳಿಯ ದೊಡ್ಡ ಅನುಕೂಲವೇ ಅದು. ಹೆದ್ದಾರಿ, ಕೊಂಕಣ ರೈಲು, ತೀರ ಮೂರೂ ಕೆಲವು ಕಿಲೋಮೀಟರಿನ ಅಂತರದಲ್ಲಿ ಜೊತೆಜೊತೆಗೆ ಓಡುತ್ತವೆ. ಉಡುಪಿ, ಕುಂದಾಪುರ, ಬೈಂದೂರು, ಎಲ್ಲಿಂದ ಬೇಕಾದರೂ ಮನೆಗೆ ತಿರುಗಬಹುದು. ವಾಪಸ್ಸು ಬರುವ ದಾರಿ ಗೊತ್ತಿದ್ದವರೇ ಧೈರ್ಯವಾಗಿ ಮುಂದೆ ಹೋಗುವುದು.

ಕೊನೆಯದಾಗಿ, ಯಾರು ಮುಂದೆ? ಈ ಸಲ ಇವಳು. ನಾನು ಹಿಂದೆ, ಒಂದು ಮಾರು ಬಲಕ್ಕೆ, ಬರುವ ಗಾಡಿಗಳಿಗೆ ಮೊದಲು ಕಾಣುವಂತೆ. ಮುಂದಿರುವವರು ವೇಗ ನಿರ್ಧರಿಸುತ್ತಾರೆ, ನಿಲ್ಲುವ ಮರ ಆರಿಸುತ್ತಾರೆ. ಇಷ್ಟು ಸಣ್ಣ ಬದಲಾವಣೆಯಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ನನಗೆ ಮೊನ್ನೆ ಭಾನುವಾರ ತಿಳಿಯಿತು. ದಾನಿಶ್‌ಪೇಟೆ ಕಡೆ ಹೋಗಿದ್ದೆವು. ಇವಳು ಹತ್ತು ಸಲ ನಿಂತಳು. ಒಂದು ಸಲ ಬಾವಿ ನೋಡಲು, ಒಂದು ಸಲ ಯಾರದ್ದೋ ಮೇಕೆಮರಿ ನೋಡಲು. ಇಪ್ಪತ್ತು ವರ್ಷ ಅದೇ ರಸ್ತೆಯಲ್ಲಿ ಹೋದ ನಾನು ಆ ಬಾವಿಯನ್ನು ನೋಡಿರಲಿಲ್ಲ.

ಮನೆಗೆ ಬಂದು ಸೈಕಲ್ ನಿಲ್ಲಿಸುತ್ತ, "ರೀ, ನಾಳೆ ಬೆಳಿಗ್ಗೆ ಬೇಗ ಎಬ್ಬಿಸಿ" ಎಂದಳು. ಟಿಕೆಟ್ಟಿಗೆ ದಿನ ಲೆಕ್ಕ ಹಾಕುತ್ತಿದ್ದೇನೆ.